ಎಲ್ಲೆಕಲ್ಲಮ್ಮನ ನಿಂಬೆಹಣ್ಣು

ಮಂಗಳವಾರ ಬಂತೆಂದರೆ ನಮ್ಮ ಮನೆಗೆ ಒಂದು ನಿಂಬೆಹಣ್ಣು ಬರುತ್ತದೆ. ಚಿನ್ನಕ್ಕನ ತೋಟದಲ್ಲಿ ಹೂ ಕೀಳುವ ಹೆಂಗಸರಲ್ಲಿ ಯಾರಾದರೊಬ್ಬರು ಹೋಗ್ತಾ ಹೋಗ್ತಾ ಜಗಲಿಯ ಮೇಲಿಟ್ಟು, ‘ಎಲ್ಲೆಕಲ್ಲಮ್ಮನ ಪ್ರಸಾದ ಕಣಣ್ಣೋ’ ಎಂದು ಕೂಗಿ ಹೋಗುತ್ತಾರೆ. ಹಣ್ಣಿನ ನೆತ್ತಿಯ ಮೇಲೆ ಒಂದು ಚಿಟಿಕೆ ಕುಂಕುಮ. ಅದನ್ನು ಪಂಚೆಯ ತುದಿಯಿಂದ ಒರೆಸಿ, ಹಣ್ಣು ಹೋಳು ಮಾಡಿ, ಉಪ್ಪು ಸಕ್ಕರೆ ಎರಡೂ ಹಾಕಿ ಪಾನಕ ಮಾಡಿಕೊಂಡು ಕುಡಿಯುತ್ತೇನೆ. ನನ್ನ ಹೆಂಡತಿಗೆ ಇದನ್ನು ಕಂಡರಾಗದು.

‘ದ್ಯಾವ್ರ ಹಣ್ಣು ಕಣಯ್ಯೋ. ಬಾಗ್ಲಿಗೆ ಕಟ್ಟು ಅಂದ್ರೆ ಗಂಟ್ಲಿಗೆ ಹಾಕ್ಕೋತೀಯಲ್ಲ.’

‘ಮಗ್ಳು ಅಪ್ಪಂಗೆ ಹಣ್ಣು ಕಳ್ಸಿದ್ರೆ ಅಪ್ಪ ತಿನ್ದೆ ಬಾಗ್ಲಿಗೆ ಕಟ್ತಾನೇನೇ?’ ಎಂದು ನಾನು ಮೀಸೆ ಒರೆಸಿಕೊಳ್ಳುತ್ತೇನೆ.

ಯಾಕೆಂದರೆ ಎಲ್ಲೆಕಲ್ಲಮ್ಮ ನನ್ನ ಮಗಳು. ಅವಳನ್ನು ಹುಟ್ಟಿಸಿದವನು ನಾನು. ನಗಬೇಡಿ, ಪೂರ್ತಿ ಕೇಳಿ.

ಮೊದಲು ನನ್ನ ಪರಿಚಯ ಆಗಲಿ. ನಾನು ದನದ ದಲ್ಲಾಳಿ. ಹೊಸೂರಿನಿಂದ ಕೃಷ್ಣಗಿರಿವರೆಗೆ ಯಾವ ಸಂತೆಯಲ್ಲಿ ಬೇಕಾದರೂ ವಿಚಾರಿಸಿ. ದಲ್ಲಾಳಿ ಮುನಿಯ ಅಂದರೆ ಹಳಬರು ಒಂದೋ ಕೈ ಮುಗಿಯುತ್ತಾರೆ, ಇಲ್ಲವೇ ಜೇಬು ಹಿಡಿದುಕೊಳ್ಳುತ್ತಾರೆ. ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವುದರಲ್ಲಿ ನನ್ನನ್ನು ಮೀರಿಸಿದವನು ಈ ಸೀಮೆಯಲ್ಲಿ ಹುಟ್ಟಿಲ್ಲ. ಹಸುವಿನ ಬಾಲ ನೋಡಿ ಅದರ ಹಲ್ಲು ಹೇಳುತ್ತಿದ್ದೆ. ಒಬ್ಬನಿಗೆ ಅವನದೇ ಹಸುವನ್ನು ಕೊಂಬಿಗೆ ಬಣ್ಣ ಬಳಿದು ಮತ್ತೆ ಮಾರಿದೆ ಅಂತ ಜನ ಹೇಳುತ್ತಾರೆ. ಅದು ಸುಳ್ಳು. ಮಾರುವುದರಲ್ಲಿದ್ದೆ. ಹಸುವೇ ಅವನ ಮುಖ ನೋಡಿ ಅಂಬಾ ಅಂದು ಕೆಡಿಸಿತು.

ಇಂಥ ಕೈಗುಣ ಒಂದೇ ದಿನಕ್ಕೆ ಬರುವುದಿಲ್ಲ. ದನ ಕಾಯುವ ವಯಸ್ಸಿನಲ್ಲೇ ಶುರು ಮಾಡಿದ್ದೆ. ಆಗ ಅವಲಪಲ್ಲಿಯ ಈಚೆ ಪಕ್ಕ, ಈಗ ಲೇಔಟು ಎದ್ದಿರುವ ಕಡೆಯೆಲ್ಲ ರಾಗಿ ಹೊಲ. ಹೊಲದ ಮೂಲೆಗೆ ಸರ್ವೆಯವರು ನೆಟ್ಟ ಒಂದು ಕಲ್ಲಿತ್ತು. ಮೊಣಕಾಲೆತ್ತರ, ತಲೆಯ ಮೇಲೆ ಕೊರೆದ ಬಾಣದ ಗುರುತು. ಒಂದು ಮದುವೆ ಮನೆಯಲ್ಲಿ ಉಳಿದ ಅರಿಸಿನದ ಬಟ್ಟಲು ನನ್ನ ಕೈಗೆ ಸಿಕ್ಕಿತು. ಸಿಕ್ಕ ಮೇಲೆ ಸುಮ್ಮನಿರಲು ನಾನೇನು ಸಂನ್ಯಾಸಿಯೇ? ಕಲ್ಲಿಗೆ ಬಳಿದೆ. ಕುಂಕುಮದಲ್ಲಿ ಎರಡು ಕಣ್ಣಿಟ್ಟೆ. ಒಂದು ಕಣ್ಣು ಸ್ವಲ್ಪ ದೊಡ್ಡದಾಯಿತು, ಅದರಿಂದ ಉಗ್ರಕಳೆ ಬಂತು. ಬೇವಿನ ಸೊಪ್ಪು ಸಿಕ್ಕಿಸಿದೆ. ಸಂಜೆ ದನ ಹೊಡೆದುಕೊಂಡು ಬರುವವರು ನೋಡಿ ಬೆಚ್ಚಿಬೀಳಬೇಕು, ನಾನು ಹೊಂಗೆಮರದ ಮೇಲೆ ಕೂತು ನಗಬೇಕು, ಇಷ್ಟೇ ನನ್ನ ಲೆಕ್ಕ. ಬೆಚ್ಚಿದರು, ನಕ್ಕೆ, ಮುಗಿಯಿತು ಅಂದುಕೊಂಡೆ.

ಬೆಳಿಗ್ಗೆ ಹೋಗಿ ನೋಡಿದರೆ ಕಲ್ಲಿನ ಮುಂದೆ ದೀಪ ಉರಿಯುತ್ತಿತ್ತು. ಹಚ್ಚಿದವಳು ಚಿನ್ನಕ್ಕ. ಗಂಡ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಕಲ್ಲಿನ ಮೂಡಲಿಗೆ ಅವಳ ತುಂಡು ಹೊಲ, ಪಡುವಲಿಗೆ ಅವಳ ಮೈದುನನ ಹೊಲ. ಮಾತೇ ಆಡದ ಆ ಹೆಂಗಸು ಅವತ್ತು ಊರಿಗೆಲ್ಲ ಕೇಳುವಂತೆ, ‘ಕನ್ಸಾಗೆ ತಾಯಿ ಬಂದಿದ್ಲು, ನಾನಿಲ್ಲೇ ಇವ್ನಿ ಅಂದ್ಲು’ ಎಂದು ಹೇಳಿದಳು. ಆಮೇಲೆ ಕೇಳಬೇಕೇ? ತಲೆಯ ಮೇಲಿನ ಬಾಣ ತ್ರಿಶೂಲವಾಯಿತು. ಯಾರದೋ ತಪ್ಪಿಸಿಕೊಂಡ ಎಮ್ಮೆ ತಾನಾಗಿ ಮನೆಗೆ ಬಂತು, ಆ ಪುಣ್ಯವೂ ಕಲ್ಲಿಗೇ ಹೋಯಿತು. ಎಲ್ಲೆಯ ಕಲ್ಲು ಎಲ್ಲೆಕಲ್ಲಮ್ಮ ಆದಳು.

ನಾನು ಹೆಮ್ಮೆಯಿಂದ ನಮ್ಮಪ್ಪನಿಗೆ ಹೇಳಿದೆ, ಬಳಿದವನು ನಾನೇ ಅಂತ. ನಮ್ಮಪ್ಪ ಬೆತ್ತ ತಗೊಂಡ. ಬಳಿದದ್ದಕ್ಕಲ್ಲ, ತಾಯಿಯ ಮೇಲೆ ಸುಳ್ಳು ಹೇಳಿದ್ದಕ್ಕೆ. ಅವತ್ತಿನಿಂದ ಇವತ್ತಿನವರೆಗೂ ಸಂತೆಯಲ್ಲಿ, ಮದುವೆಯಲ್ಲಿ, ಬಸ್ಸಿನಲ್ಲಿ, ಸಿಕ್ಕಿದವರಿಗೆಲ್ಲ ಹೇಳಿದ್ದೇನೆ. ಒಬ್ಬನೂ ನಂಬಲಿಲ್ಲ. ನನ್ನ ಸುಳ್ಳುಗಳನ್ನೆಲ್ಲ ದುಡ್ಡು ಕೊಟ್ಟು ನಂಬಿದ ಸೀಮೆ ಇದು. ಪುಕ್ಕಟೆ ಹೇಳಿದ ಒಂದು ನಿಜಕ್ಕೆ ಗಿರಾಕಿಯೇ ಇಲ್ಲ.

ಅದೆಲ್ಲ ಹಳೆಯ ತಮಾಷೆ. ಅದು ಹೊಸದಾಗಿ ನನ್ನ ಕೊರಳಿಗೇ ಸುತ್ತಿಕೊಂಡದ್ದು ನಮ್ಮ ಪದ್ಮನಿಂದ.

ಪದ್ಮ ನನ್ನ ತಮ್ಮನ ಮಗಳು. ಕಂಪನಿಯಲ್ಲಿ ಲೈನ್ ಕೆಲಸ, ಅವಳ ಗಂಡ ಗೋವಿಂದ ಅದೇ ಕಂಪನಿಯ ಬಸ್ಸು ಓಡಿಸುತ್ತಾನೆ. ಮತ್ತಿಗಿರಿಯಲ್ಲಿ ಬಾಡಿಗೆ ಮನೆ. ಮದುವೆಯಾದಾಗ ಕೃಷ್ಣಗಿರಿಯ ನರ್ಸರಿಯಿಂದ ಒಂದು ಕಸಿ ಮಾವಿನ ಗಿಡ ತಂದಳು, ಸ್ವಂತ ಮನೆಯಾದ ಮೇಲೆ ನೆಡುತ್ತೇನೆ ಅಂತ ಪೇಂಟಿನ ಬಕೆಟ್ಟಿನಲ್ಲಿ ಇಟ್ಟಳು. ಮನೆ ಬದಲಾಯಿಸಿದಾಗಲೆಲ್ಲ ಸಾಮಾನಿನ ಗಾಡಿಯಲ್ಲಿ ಬೀರು ಮಂಚದ ಜೊತೆ ಈ ಗಿಡವೂ ತಲೆ ಅಲ್ಲಾಡಿಸಿಕೊಂಡು ಹೋಗುತ್ತಿತ್ತು. ಬೇರು ಬಕೆಟ್ಟನ್ನೇ ಸೀಳಿ ಹೊರಗೆ ಬಂದಿದೆ. ಈಗಿನ ಮನೆಯೊಡೆಯ, ‘ತಾರಸಿ ಬಿರುಕು ಬಿಡ್ತೈತೆ, ಆ ಗಿಡಾನ ಎಸೀರಿ, ಇಲ್ಲ ನೀವು ಖಾಲಿ ಮಾಡಿ’ ಅಂದಿದ್ದ. ಅಷ್ಟರಲ್ಲಿ ಅವಲಪಲ್ಲಿ ಕಡೆ ಒಂದು ಮೂಲೆ ಸೈಟು, ಅದರಲ್ಲೊಂದು ಪುಟ್ಟ ಮನೆ ಮಾರಾಟಕ್ಕೆ ಬಂತು. ಒಡವೆ ಮಾರಿ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಂಡರು. ಗಡುವಿನೊಳಗೆ ಬ್ಯಾಂಕಿನ ಸಾಲ ಬಂದರೆ ಮನೆ, ಬರದಿದ್ದರೆ ಅಡ್ವಾನ್ಸೂ ಹೋಯಿತು, ಮನೆಯೂ ಹೋಯಿತು.

ಬ್ಯಾಂಕಿನವರು ಹೇಳುವ ಮಾತು ಅವಳಿಗೆ ಅರ್ಧ ತಮಿಳು, ಅರ್ಧ ಇಂಗ್ಲಿಷು, ಪೂರ್ತಿ ಗಾಬರಿ. ನನ್ನ ಹತ್ತಿರ ಬಂದಳು. ಸರಿಯಾದ ಕಡೆಗೇ ಬಂದಳು ಅನ್ನಿ.

‘ದೊಡ್ಡಪ್ಪ, ವಿಲ್ಲಂಗ ತೆಗ್ಸು ಅಂತಾರೆ. ಹಂಗಂದ್ರೇನು?’

‘ಹಸ ತಗೊಳ್ಳೋವಾಗ ಏನ್ ನೋಡ್ತೀಯಮ್ಮಿ?’

‘ನಾನ್ಯಾವ ಹಸ ತಗೊಂಡೆ? ಪಾಕೀಟ್ ಹಾಲು ತಗೋತೀನಿ.’

‘ಅದ್ಕೇ ನಿಂಗೆ ಗೊತ್ತಿಲ್ಲ. ಹಸಿನ ಕುತ್ಗೇಲಿ ಇನ್ಯಾರ್ದಾನ ಹಗ್ಗ ಐತಾ ಅಂತ ನೋಡ್ಬೇಕು. ಮಾರೋನು ಆಗ್ಲೇ ಯಾರತ್ರಾನೋ ಅಡ ಮಡಗಿದ್ರೆ? ಅರ್ಧ ಮಾರ್ಕೊಂಡಿದ್ರೆ? ಆ ಹಗ್ಗಾನೇ ವಿಲ್ಲಂಗ. ಯಾವ್ಯಾವ ಹಗ್ಗ ಬಿತ್ತು, ಯಾವ್ದು ಬಿಚ್ತು ಅಂತ ರಿಜಿಸ್ಟ್ರಾರ್ ಆಫೀಸ್ನೋರು ಬರ್ದು ಕೊಡ್ತಾರೆ.’

‘ಮೂಲಪತ್ರ?’

‘ಹಸ ಯಾರ್ ಕೊಟ್ಗೇಲಿ ಹುಟ್ತು, ಅಲ್ಲಿಂದ ಯಾರ್ ಕೊಟ್ಗೆಗೆ ಹೋಯ್ತು, ಅದ್ರ ಜಾತ್ಕ.’

‘ಪಟ್ಟಾ?’

‘ಸರ್ಕಾರದೋರು ಕಿವೀಗೆ ಹಳ್ದಿ ಬಿಲ್ಲೆ ಹೊಡೀತಾರಲ್ಲ, ಅದು. ಕ್ರಯ ಆದ್ಮೇಲೆ ಬಿಲ್ಲೆ ನಿನ್ ಹೆಸ್ರಿಗೆ ಬದ್ಲಾಯಿಸ್ಕೋಬೇಕು. ಎಷ್ಟೋ ಜನ ಹಸ ಮನೆಗೆ ಹೊಡ್ಕೊಂಡ್ ಬಂದು ಬಿಲ್ಲೆ ಮರ್ತ್ಬುಡ್ತಾರೆ.’

‘ಮಾರ್ಜಿನ್ ಅಂದ್ರೆ?’

‘ಬ್ಯಾಂಕು ಹಸಿನ ಮೂರ್ ಕಾಲು ತಗೊಡ್ತೈತೆ. ಒಂದ್ ಕಾಲು ನಿಂದು. ಮೊದ್ಲು ನಿನ್ ಕಾಲು ನಿಲ್ಲುಸ್ಬೇಕು, ಆಮೇಲೆ ಅವ್ರ ಕಾಲು.’

ಅವಳಿಗೆ ನಗು ಬಂತು. ಆದರೂ ಕೇಳುವುದು ಬಿಡಲಿಲ್ಲ. ಇಎಂಐ ಅಂದರೆ ದಿನದ ಹುಲ್ಲು, ಹಸ ಕರೆಯಲಿ ಬತ್ತಲಿ, ಹಾಕಲೇಬೇಕು. ಏರಿಳಿಯುವ ಬಡ್ಡಿ ಅಂದರೆ ಬೂಸದ ರೇಟು, ನಮ್ಮನ್ನು ಕೇಳಿ ಏರುವುದಿಲ್ಲ. ಅಡಮಾನ ಅಂದಾಗ ಮಾತ್ರ ಅವಳ ಮುಖ ಸಣ್ಣದಾಯಿತು.

‘ಮನೆ ನಂದಾಗಲ್ವಾ ದೊಡ್ಡಪ್ಪ, ಅಡಮಾನ ಅಂದ್ರೆ?’

‘ನಿಂದೇ ಕಣಮ್ಮಿ. ಹಸ ನಿನ್ ಕೊಟ್ಗೇಲೇ ಇರ್ತೈತೆ. ಹಾಲೂ ನಿಂದು, ಸಗಣೀನೂ ನಿಂದು. ಪತ್ರ ಮಾತ್ರ ಬ್ಯಾಂಕ್ನಾಗೆ, ಅಂದ್ರೆ ಮೂಗುದಾರದ ತುದಿ ಅವ್ರ ಕೈಲಿ. ಕಂತೆಲ್ಲ ತೀರಿದ್ ದಿನ ಬುಟ್ಬುಡ್ತಾರೆ.’

‘ಕಟ್ಲಿಲ್ಲ ಅಂದ್ರೆ?’

‘ಎಳೀತಾರೆ. ಅದ್ಕೇ ಎಳೆಯೋಕೆ ಬುಡಬಾರ್ದು.’

ಕೊನೆಗೆ ಚಕ್ಕುಬಂದಿ ಕೇಳಿದಳು. ನಾಲ್ಕು ದಿಕ್ಕಿಗೆ ಏನೇನಿದೆ ಅಂತ ಪತ್ರದಲ್ಲಿ ಬರೆಯುವುದು. ಇದಕ್ಕೆ ನನ್ನ ಹತ್ತಿರ ಹಸು ಇರಲಿಲ್ಲ. ಆದರೂ ದಲ್ಲಾಳಿ ಬಾಯಿ ಮುಚ್ಚುತ್ತಾನೆಯೇ? ‘ಹಸಿಗೆ ಚಕ್ಕುಬಂದಿ ಇಲ್ಲಮ್ಮಿ. ಯಾಕಂದ್ರೆ ಹಸ ನಡೀತೈತೆ, ನೆಲ ನಡಿಯಲ್ಲ’ ಎಂದು ದೊಡ್ಡ ಮಾತು ಒಗೆದೆ. ಅವಳು ತಲೆದೂಗಿದಳು. ಕಂಪನಿಯಲ್ಲೂ ಹೇಳಿದಳಂತೆ. ಈಗ ಅವಳ ಲೈನಿನ ಹುಡುಗಿಯರೆಲ್ಲ ಸಾಲಕ್ಕೆ ಮೂಗುದಾರ ಅನ್ನುತ್ತಾರೆ.

ಬ್ಯಾಂಕಿನಿಂದ ಬೆಲೆ ಕಟ್ಟುವವನು ಬರುವ ದಿನ ನಾನೂ ಹೋದೆ. ಬೆಲೆ ಕಟ್ಟುವುದನ್ನು ನೋಡದಿದ್ದರೆ ನನಗೆ ಕೈ ತುರಿಸುತ್ತದೆ. ಸೇಲಂ ಕಡೆಯ ಹುಡುಗ, ಕನ್ನಡ ಅಷ್ಟಿಷ್ಟು ಬರುತ್ತಿತ್ತು. ಮನೆ ನೋಡಿದ, ಗೋಡೆ ತಟ್ಟಿದ, ಫೋಟೋ ತೆಗೆದ. ಸೈಟಿನ ಮೂಡಲ ಮೂಲೆಗೆ ಬಂದವನು ನಿಂತುಬಿಟ್ಟ. ಅಲ್ಲಿ ನನ್ನ ಮಗಳು ಕೂತಿದ್ದಳು. ಅರಿಸಿನ ಹೊದ್ದು, ಬಳೆ ತೊಟ್ಟು, ಸೇವಂತಿಗೆ ಹಾರ ಹಾಕಿಕೊಂಡು, ಒಂದು ಕಣ್ಣು ದೊಡ್ಡದು ಮಾಡಿ. ಹೌದು, ಇದು ಅದೇ ಕಲ್ಲು. ಮೈದುನನ ಹೊಲವೇ ಲೇಔಟಾಗಿ, ಅದರ ಮೂಲೆ ಸೈಟೇ ಪದ್ಮನ ಪಾಲಿಗೆ ಬಂದಿತ್ತು. ಕಲ್ಲು ಅಲ್ಲಿದೆಯೆಂದು ನಮಗೆಲ್ಲ ಗೊತ್ತಿತ್ತು, ಅದು ಸಾಲಕ್ಕೆ ಅಡ್ಡ ಬರುತ್ತದೆಂದು ಯಾರಿಗೂ ಹೊಳೆದಿರಲಿಲ್ಲ.

‘ಎನ್ನ ತಾತಾ, ಇದು ಕೋವಿಲಾ?’ ಅಂದ ಹುಡುಗ. ಗುಡಿಯೋ ಅಂತ.

‘ಗುಡೀನೂ ಇಲ್ಲ ಗಿಡೀನೂ ಇಲ್ಲಪ್ಪ. ಸರ್ವೆ ಕಲ್ಲು. ಅರಿಸ್ನ ಬಳ್ದೋನು ನಾನೇ.’

ಹುಡುಗ ನಕ್ಕ. ಮಾರುವವನು ನಕ್ಕ. ಗೋವಿಂದ ನಗಲಿಲ್ಲ, ಕೆನ್ನೆ ಬಡಿದುಕೊಂಡ. ‘ಮಾವ, ಎಲ್ಲಾ ಕಡೆ ತಮಾಸೆ ಮಾಡ್ಬ್ಯಾಡ್ರಿ, ತಾಯಿ ತಾವ ಬ್ಯಾಡ’ ಅಂದ.

ಹುಡುಗ ಪದ್ಮನ ಕಡೆ ತಿರುಗಿ ಮೆತ್ತಗೇ ಹೇಳಿದ. ‘ಅಕ್ಕಾ, ನಾಳೆ ಊರೋರು ಬಂದು ಪೂಜೆಗೆ ದಾರಿ ಬಿಡಿ ಅಂದ್ರೆ? ಜಾಗವೇ ಕೋವಿಲ್‌ದು ಅಂದ್ರೆ? ನಾನು ಹೀಗೇ ಬರೆದ್ರೆ ಲೋನ್ ಆಗಲ್ಲ. ತಾಲೂಕ್ ಸರ್ವೇಯರ್ ಬಂದು ಅಳೀಲಿ. ಪೂಜೆ ಮಾಡೋರು ಬಂದು, ಈ ಜಾಗದಲ್ಲಿ ನಮಗೆ ಹಕ್ಕಿಲ್ಲ ಅಂತ ನನ್ನ ಮುಂದೆ ಹೇಳ್ಲಿ. ಆಮೇಲೆ ನೋಡೋಣ.’

ಅವನು ಹೋದ ಮೇಲೆ ಮಾರುವವನು ನನ್ನ ಭುಜಕ್ಕೆ ಕೈ ಹಾಕಿದ. ‘ಜೆಸಿಬಿ ಐತೆ ತಾತ. ಎತ್ತಾಕ್ಬುಟ್ರೆ ಯಾವ ಕೋವಿಲು, ಯಾವ ಸರ್ವೆ?’

ನನಗೆ ಅದೇ ಸರಿಯೆನಿಸಿತು. ನನ್ನ ಮಗಳು, ನಾನು ಹುಟ್ಟಿಸಿದೆ, ನಾನೇ ಕೀಳುತ್ತೇನೆ. ಆದರೆ ಪದ್ಮ ತಲೆ ಅಲ್ಲಾಡಿಸಿದಳು. ‘ಚಿನ್ನಜ್ಜೀನ ಕೇಳ್ದೆ ಒಂದ್ ಹೂವೂ ಮುಟ್ಬ್ಯಾಡ ದೊಡ್ಡಪ್ಪ. ಹೋಗೋ ಮುದುಕಿ ದೀಪ ಆರ್ಸಿ ನಾನು ಮನೆ ದೀಪ ಹಚ್ಲಾ?’

ಹೋದೆ. ಚಿನ್ನಕ್ಕನ ಮನೆಯ ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಮಾತು ಜೋಡಿಸಿಕೊಂಡೆ. ಒಂದು ಜೀವಮಾನವಿಡೀ ಪೂಜೆ ಮಾಡಿದವಳಿಗೆ, ಅದು ದೇವರಲ್ಲ, ನನ್ನ ಕೀಟಲೆ ಅಂತ ಹೇಳಬೇಕು. ಅಲ್ಲಿಯವರೆಗೆ ಊರಿಗೆಲ್ಲ ಹೇಳಿದ್ದೆ, ಅವಳೊಬ್ಬಳಿಗೆ ಮಾತ್ರ ಹೇಳಿರಲಿಲ್ಲ. ನನ್ನಂಥ ಪುಂಡನಿಗೂ ಒಂದೆರಡು ಬಾಗಿಲು ತಟ್ಟಲು ಕೈ ಏಳುವುದಿಲ್ಲ.

ಚಿನ್ನಕ್ಕ ಅಂಗಳದಲ್ಲಿ ಹೂವಿನ ರಾಶಿಯ ಮುಂದೆ ಕೂತು ಕಂದಿದ್ದನ್ನು ಬೇರೆ ಮಾಡುತ್ತಿದ್ದಳು. ಬೆನ್ನು ಬಿಲ್ಲಾಗಿದೆ, ಕಣ್ಣು ಇನ್ನೂ ಸೂಜಿ.

‘ಬಾರ್ಲಾ ಮುನಿಯ. ಹಣ್ಣು ಬಂತಾ?’

‘ಬಂತು ಕಣಕ್ಕ. ಅಕ್ಕ, ಒಂದ್ ಮಾತು. ಬೈಬಾರ್ದು. ಆ ಕಲ್ಲು ಐತಲ್ಲ...’

‘ನೀನ್ ಅರಿಸ್ನ ಬಳ್ದಿದ್ದಾ?’

ನನ್ನ ಬಾಯಿ ತೆರೆದಂತೆಯೇ ಉಳಿಯಿತು. ಸಂತೆಯಲ್ಲಿ ನಾನು ಎಷ್ಟೋ ಜನರ ಬಾಯಿಯನ್ನು ಹಾಗೆ ಮಾಡಿದ್ದೇನೆ. ಹೇಗಿರುತ್ತದೆಂದು ಅವತ್ತು ತಿಳಿಯಿತು.

‘ಹುರುಳಿ ಬಣವೆ ಹಿಂದ್ಗಡೆ ಕುಂತಿದ್ದೆ ಕಣ್ಲಾ’ ಎಂದಳು, ಹೂವಿನಿಂದ ಕಣ್ಣೆತ್ತದೆ. ‘ನೀನು ಕಣ್ಣು ಬರ್ದು, ಹಿಂದಿಂದಕ್ಕೆ ಹೋಗಿ ನೋಡಿ, ಮತ್ತೆ ಬಂದು ಬರ್ದೆ. ಒಂದ್ ಕಣ್ ಡೊಂಕಾಯ್ತು. ಮದ್ವೆ ಊಟಕ್ಕೆ ಬಂದಾಗ ಅಂಗೈಯೆಲ್ಲ ಹಳ್ದಿ.’

‘ಮತ್ತೆ ಕನ್ಸಾಗೆ ತಾಯಿ ಬಂದ್ಲು ಅಂದ್ಯಲ್ಲಕ್ಕ!’

‘ಕನ್ಸಾ? ಆವಾಗ ನಂಗೆ ನಿದ್ದೇನೇ ಬತ್ತಿರ್ಲಿಲ್ಲ, ಕನ್ಸು ಎಲ್ಲಿಂದ ಬಂದಾತು?’

ಆಮೇಲೆ ಅವಳು ಹೇಳಿದ್ದು ಇಷ್ಟು. ಗಂಡ ಸತ್ತ ಮೇಲೆ ಮೈದುನ ಪ್ರತಿ ಉಳುಮೆಗೂ ಆ ಕಲ್ಲನ್ನು ಒಂದಿಷ್ಟು ಅವಳ ಕಡೆಗೆ ಜರುಗಿಸಿ ನೆಡುತ್ತಿದ್ದ. ಒಮ್ಮೆಗೆ ಅಂಗೈಯಗಲ. ಯಾರಿಗೂ ಕಾಣುವಷ್ಟಲ್ಲ. ಇವಳು ಪ್ರತಿ ಸಲ ಅವನಿಲ್ಲದಾಗ ಹೋಗಿ, ಮೈಯೆಲ್ಲ ಬಲ ಮಾಡಿ ಮತ್ತೆ ಹಳೆಯ ಗುಂಡಿಗೇ ತಳ್ಳಿ ಬರುತ್ತಿದ್ದಳು. ಹೇಳಿಕೊಳ್ಳಲು ಹೋದರೆ ಊರ ಹಿರಿಯರೆಲ್ಲ ಅವನ ಎಲೆಅಡಿಕೆ ತಿಂದವರು. ಅವತ್ತೂ ಕಲ್ಲನ್ನು ತಳ್ಳಿ ಕೂರಿಸಿ, ಏದುಸಿರು ಬಿಡುತ್ತಾ ಬಣವೆಯ ಹಿಂದೆ ಕೂತಿದ್ದಾಗ ನಾನು ಅರಿಸಿನದ ಬಟ್ಟಲು ಹಿಡಿದು ಬಂದಿದ್ದೆ.

‘ಬೆಳಿಗ್ಗೆ ದೀಪ ಹಚ್ದೆ. ಅವತ್ತಿಂದ ಅವ್ನು ಕಲ್ ಮುಟ್ಲಿಲ್ಲ. ಒಂದ್ ಸಾಲು ಬುಟ್ಟೇ ಉಳ್ತಿದ್ದ. ನನ್ ನೆಲ ನಂಗೆ ಉಳ್ಕೊಂತು. ಅದ್ರಾಗೇ ಹೂ ಬೆಳ್ದೆ, ಮಕ್ಳ ಮದ್ವೆ ಮಾಡ್ದೆ.’

‘ಮತ್ತೆ ವಾರ ವಾರ ನಂಗ್ಯಾಕಕ್ಕ ನಿಂಬೆಹಣ್ಣು?’

ಆಗ ಮುದುಕಿ ತಲೆಯೆತ್ತಿ ನೋಡಿದಳು. ‘ಲೇ, ದಲ್ಲಾಳಿ ಅಲ್ವೇನ್ಲಾ ನೀನು? ವ್ಯಾಪಾರ ಕುದುರ್ಸಿದ್ಯಲ್ಲ, ನಿನ್ ಕಮಿಷನ್ ಕೊಡ್ಬ್ಯಾಡ್ವಾ?’

ಇಷ್ಟು ವರ್ಷ ಆ ಪಾನಕ ಕುಡಿಯುವಾಗಲೆಲ್ಲ ನಾನು ಅವಳ ಪೆದ್ದುತನಕ್ಕೆ ಒಳಗೊಳಗೇ ನಕ್ಕಿದ್ದೆ. ಆ ನಗುವೆಲ್ಲ ಒಟ್ಟಿಗೆ ವಾಪಸು ನನ್ನ ಕಡೆಗೇ ತಿರುಗಿತು. ನೆಲ ನಡಿಯಲ್ಲ ಅಂತ ಪದ್ಮನಿಗೆ ಹೇಳಿದ್ದ ದೊಡ್ಡ ಮಾತೂ ನೆನಪಾಯಿತು. ನಡೆಯುತ್ತೆ ಮಾರಾಯರೇ. ಅಂಗೈ ಅಂಗೈಯಗಲ ನಡೆಯುತ್ತೆ, ಯಾವಾಗಲೂ ಬಲ ಇಲ್ಲದವರ ಕಡೆಗೇ.

ಪದ್ಮನ ಸಂಗತಿ ಹೇಳಿದೆ. ಬ್ಯಾಂಕಿನವನ ಮುಂದೆ ಬಂದು ಅಲ್ಲಿ ಗುಡಿಯ ಹಕ್ಕಿಲ್ಲ ಅನ್ನಬೇಕು ಅಂದೆ. ಅವಳು ಕಂದಿದ ಹೂವೊಂದನ್ನು ಆಚೆ ಎಸೆದಳು. ನಾನೇ ತಡೆಯಲಾರದೆ ಕೇಳಿದೆ: ‘ಹಂಗಂದ್ಬುಟ್ರೆ ನಾಳೆ ಲೇಔಟ್ನೋರು ಯಾರಾನ ಕಲ್ ಜರುಗ್ಸಿದ್ರೆ ಏನ್ ಮಾಡ್ತೀಯಕ್ಕ?’

‘ಪಕ್ಕದಾಗೆ ಬರೋಳು ನಿನ್ ಪದ್ಮ ತಾನೆ? ಬಕೀಟ್ನಾಗೆ ಮಾವಿನ್ ಗಿಡ ಮಡಿಕ್ಕೊಂಡು ಇಷ್ಟ್ ದಿನ ನೆಲ ಹುಡುಕ್ದೋಳು ಇನ್ನೊಬ್ರ ನೆಲ ತಿಂತಾಳಾ? ಬತ್ತೀನಿ ನಡಿ.’

ಸರ್ವೇಯರ್ ಬಂದ ದಿನ ನೋಡಬೇಕಿತ್ತು. ನಕ್ಷೆಯಲ್ಲಿದ್ದ ಕಲ್ಲುಗಳನ್ನು ಹುಡುಕಿ ಹುಡುಕಿ ಅವರಿಗೆ ಸಾಕಾಯಿತು. ಒಂದು ಕಲ್ಲು ಯಾರದೋ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿತ್ತು. ಒಂದು ಟೀ ಅಂಗಡಿಯ ಮೆಟ್ಟಿಲಾಗಿ, ಅದರ ಮೇಲೆ ಕೂತೇ ಅವರು ಮೊದಲು ಟೀ ಕುಡಿದಿದ್ದರು. ಕೊನೆಗೆ ದೂರದ ಮೂರೂರು ಕೂಡುವ ಕಲ್ಲಿನಿಂದ ಅಳೆದುಕೊಂಡು ಬಂದರು. ಟೇಪಿನ ತುದಿ ಬಂದು ನೆಟ್ಟಗೆ ಎಲ್ಲೆಕಲ್ಲಮ್ಮನ ನೆತ್ತಿಯ ಬಾಣಕ್ಕೇ ತಾಗಿತು. ‘ಈ ಕಡೆಯಲ್ಲೆಲ್ಲ ಜಾಗ ಬಿಟ್ಟು ಕದಲದ ಕಲ್ಲು ಇದೊಂದೇ ಕಣ್ರೀ’ ಅಂದರು ಸರ್ವೇಯರ್. ನಾನು ಎದೆ ಉಬ್ಬಿಸಿ ನಿಂತೆ. ಯಾರೂ ನನ್ನ ಕಡೆ ನೋಡಲಿಲ್ಲ. ಎಲ್ಲರೂ ಕಲ್ಲಿಗೆ ಕೈ ಮುಗಿಯುತ್ತಿದ್ದರು.

ಸೈಟಿನ ಅಳತೆ ಪೂರ್ತಿ ಒಳಗೇ ಕೂತಿತು. ಕಲ್ಲು ಗಡಿಯ ಗೆರೆಯ ಮೇಲೆ. ಬ್ಯಾಂಕಿನ ಹುಡುಗ ಚಿನ್ನಕ್ಕನ ಮುಖ ನೋಡಿದ. ಅವಳು ಸೆರಗು ಹೊದ್ದು ಮುಂದೆ ಬಂದಳು. ‘ಇದು ಸರ್ಕಾರದ ಕಲ್ಲು ಕಣಪ್ಪ. ಈ ಮಗೀನ ಜಾಗ್ದಾಗೆ ನಂದೇನೂ ಇಲ್ಲ, ದ್ಯಾವ್ರುದೂ ಏನೂ ಇಲ್ಲ. ನಾನು ದೀಪ ಹಚ್ಚೋದು ನನ್ ನೆಲ್ದಾಗೆ ಕುಂತ್ಕೊಂಡು.’ ಧ್ವನಿ ಗಟ್ಟಿಯಾಗಿತ್ತು. ಪದ್ಮ ಹೋಗಿ ಅವಳ ಕೈ ಹಿಡಿದುಕೊಂಡಳು. ಹುಡುಗ ಬರೆದುಕೊಂಡ. ಹೊರಡುವಾಗ ಶೂ ಕಳಚಿ, ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದ.

ಸಾಲ ಬಂತು. ರಿಜಿಸ್ಟ್ರಾರ್ ಆಫೀಸಿನಲ್ಲಿ ಪತ್ರ ಓದುವಾಗ ಪದ್ಮ ನನ್ನ ಪಕ್ಕದಲ್ಲೇ ನಿಂತಿದ್ದಳು. ಪಡುವಲಿಗೆ ರಸ್ತೆ, ಬಡಗಲಿಗೂ ರಸ್ತೆ, ತೆಂಕಲಿಗೆ ಇನ್ನೊಂದು ಸೈಟು. ಮೂಡಲಿಗೆ ಚಿನ್ನಮ್ಮನವರ, ಅಂದರೆ ನಮ್ಮ ಚಿನ್ನಕ್ಕನ, ಹೂತೋಟ ಅಂದಾಗ ಅವಳು ನನ್ನ ಕಿವಿಯಲ್ಲಿ, ‘ಚಕ್ಕುಬಂದಿ ಅಂದ್ರೆ ಇದಾ ದೊಡ್ಡಪ್ಪ?’ ಅಂದಳು. ಹೂಂ ಅಂದೆ. ಅದಕ್ಕೆ ಹಸುವಿನ ಕಥೆ ಬೇಕಾಗಲಿಲ್ಲ.

ಗೃಹಪ್ರವೇಶದ ದಿನ ಬಕೆಟ್ಟು ಒಡೆದು ಮಾವಿನ ಗಿಡ ನೆಟ್ಟರು. ಎಲ್ಲಿ ನೆಡಬೇಕು ಅಂತ ಚಿನ್ನಕ್ಕನನ್ನೇ ಕೇಳಿದರು. ‘ಕೊಂಬೆ ನನ್ ಕಡೀಕೂ ಬರೋ ಹಂಗೆ ನೆಡ್ರಿ’ ಅಂದಳು ಮುದುಕಿ. ಮೂಗುದಾರದ ತುದಿ ಇನ್ನೂ ಬ್ಯಾಂಕಿನ ಕೈಯಲ್ಲೇ ಇದೆ, ಇನ್ನೂ ಬಹಳ ವರ್ಷ ಇರುತ್ತದೆ. ಗಿಡಕ್ಕೆ ಅದೇನೂ ಗೊತ್ತಿಲ್ಲ, ಆಗಲೇ ಚಿಗುರಿದೆ.

ಮೊನ್ನೆ ಮಂಗಳವಾರದ ಹಣ್ಣು ಪದ್ಮಾನೇ ತಂದಳು. ಚಿನ್ನಜ್ಜಿಗೆ ಮೊಣಕಾಲು ನೋವಂತೆ, ದೀಪ ಇವಳೇ ಹಚ್ಚಿದಳಂತೆ. ನಾನು ರೇಗಿಸಿದೆ: ‘ಏನಮ್ಮಿ, ಅದು ಸರ್ಕಾರದ ಕಲ್ಲು, ಬಳ್ದೋನು ನಾನು. ಇಷ್ಟೆಲ್ಲ ಗೊತ್ತಿದ್ರೂ ದೀಪ ಹಚ್ತೀಯಾ?’

‘ಸುಮ್ಕಿರು ದೊಡ್ಡಪ್ಪ’ ಎಂದು ಅವಳು ಹಣ್ಣು ನನ್ನ ಕೈಯಲ್ಲಿಟ್ಟು, ‘ನೀನ್ ಹೇಳಿದ್ನ ಯಾರ್ ನಂಬ್ತಾರೆ?’ ಅಂತ ನಕ್ಕು ಶಿಫ್ಟಿಗೆ ಹೊರಟುಹೋದಳು.

ಚಾಕು ತಗೊಂಡೆ. ಹೋಳು ಮಾಡುವ ಮುಂಚೆ ಹೆಂಡತಿ ಅಡುಗೆಮನೆಯಲ್ಲಿದ್ದಾಳೆಯೇ ಅಂತ ಒಮ್ಮೆ ಇಣುಕಿ ನೋಡಿ, ಹಣ್ಣನ್ನು ಕಣ್ಣಿಗೊತ್ತಿಕೊಂಡೆ. ಯಾರಿಗೂ ಹೇಳಬೇಡಿ. ಹೇಳಿದರೂ ಪರವಾಗಿಲ್ಲ ಬಿಡಿ, ದಲ್ಲಾಳಿ ಮುನಿಯನ ವಿಷಯದಲ್ಲಿ ನಿಜವನ್ನು ಯಾರೂ ನಂಬುವುದಿಲ್ಲ.